ಅಪ್‌ಡೇಟ್ ಆದ ಮೇಲೆ ಪ್ಯಾನಲ್ ಕೂಗುತ್ತಿದೆ: ಫರ್ಮ್‌ವೇರೋ, ಬ್ಯಾಟರಿಯೋ, ಮಳೆಯೋ?

ಆಟಿ ತಿಂಗಳ (ತುಳುನಾಡಿನ ಮಳೆಗಾಲದ ತಿಂಗಳು) ಒಂದು ಭಾನುವಾರ ಬೆಳಿಗ್ಗೆ ಮಂಗಳೂರಿನ ಕದ್ರಿ ಕಡೆಯ ಒಂದು ವಸತಿ ಸಮುಚ್ಚಯದಿಂದ ಫೋನ್ ಬಂತು. ಮಾತಾಡಿದ್ದು ಗೇಟಿನ ಸೆಕ್ಯೂರಿಟಿ ಸೂಪರ್‌ವೈಸರ್. "ಸರ್, ಶುಕ್ರವಾರ ಫೈರ್ ಪ್ಯಾನಲ್‌ಗೆ ಹೊಸ ಸಾಫ್ಟ್‌ವೇರ್ ಹಾಕಿದ್ರು. ಆವತ್ತಿಂದ ಬೀಪ್ ನಿಲ್ಲುವುದೇ ಇಲ್ಲ ಮಾರಾಯ್ರೆ. ಮೇಲಿನವರೆಲ್ಲ ಇಳಿದು ಬಂದು ನಮಗೇ ಬೈಯುವುದು."

"ಡಿಸ್‌ಪ್ಲೇಯಲ್ಲಿ ಎಂತ ಬರೆದಿದೆ ಅಣ್ಣ? ಇದ್ದ ಹಾಗೆ ಓದಿ."

ಅವರು ಅಕ್ಷರ ಅಕ್ಷರ ಬಿಡಿಸಿ ಓದಿದರು. ಮೂರನೇ ನೋಡ್, ಅಂದರೆ ನೆಟ್‌ವರ್ಕ್‌ನ ಮೂರನೇ ಪ್ಯಾನಲ್, ಕಾಣೆ. ನಾಲ್ಕನೇ ಪ್ಯಾನಲ್‌ನಲ್ಲಿ ನೆಟ್‌ವರ್ಕ್ ಬಿ ಚಾನೆಲ್ ಫಾಲ್ಟ್, ಅಂದರೆ ಒಂದು ಬದಿಯ ಸಂಪರ್ಕದಲ್ಲಿ ದೋಷ. ಐದನೇದರ ಬಗ್ಗೆ ಡಿಸ್‌ಪ್ಲೇಯಲ್ಲಿ ಏನೂ ಇರಲಿಲ್ಲ. ಆದರೆ ಹಿಂದಿನ ದಿನ ಅಲ್ಲಿ ಯಾರೋ ಎಂಸಿಪಿ (ಗೋಡೆಯ ಮೇಲಿನ ಅಲಾರ್ಮ್ ಬಟನ್) ಒತ್ತಿದಾಗ ಗೇಟಿನ ಪ್ಯಾನಲ್‌ನಲ್ಲಿ ಬರೀ ನಂಬರ್ ಬಂದಿತ್ತಂತೆ, ಜಾಗದ ಹೆಸರು ಬರಲಿಲ್ಲವಂತೆ.

ನೆಟ್‌ವರ್ಕ್‌ನಲ್ಲಿರುವ ಫೈರ್ ಅಲಾರ್ಮ್ ಪ್ಯಾನಲ್‌ಗಳಿಗೆ ಫರ್ಮ್‌ವೇರ್ (ಪ್ಯಾನಲ್‌ನೊಳಗೇ ಕೂತಿರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ ಮರುದಿನ ಬರುವ ದೂರುಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಎಲ್ಲವನ್ನೂ ಅಪ್‌ಡೇಟ್‌ನ ತಲೆಗೆ ಕಟ್ಟುವುದು ಸುಲಭ. ನನ್ನ ಅನುಭವದಲ್ಲಿ ಅದು ಅರ್ಧ ಸತ್ಯ. ಅಪ್‌ಡೇಟ್ ಅಂದರೆ ಪ್ಯಾನಲ್‌ಗೆ ಒಂದು ರಿಸ್ಟಾರ್ಟ್ ಕೂಡ ಹೌದು. ವರ್ಷಗಟ್ಟಲೆ ಆಫ್ ಆಗದೆ ನಿಂತಿದ್ದ ಪ್ಯಾನಲ್ ಒಮ್ಮೆ ಎದ್ದು ಕೂತಾಗ, ಒಳಗೆ ಮಲಗಿದ್ದ ಹಳೆಯ ದೋಷಗಳೂ ಜೊತೆಗೆ ಏಳುತ್ತವೆ. ಆ ಭಾನುವಾರ ಸಿಕ್ಕ ಮೂರು ದೋಷಗಳಲ್ಲಿ ಫರ್ಮ್‌ವೇರ್‌ನದು ಒಂದೇ ಒಂದು.

ಜಾಗದ ನಕ್ಷೆ

ಒಟ್ಟು ಐದು ಪ್ಯಾನಲ್. ಗೇಟಿನದು ಒಂದನೇದು, ಅದೇ ಮುಖ್ಯ. ಎರಡು, ಮೂರು, ನಾಲ್ಕು ಒಂದೊಂದು ಟವರ್‌ಗೆ. ಐದನೇದು ಬೇಸ್‌ಮೆಂಟ್ ಪಾರ್ಕಿಂಗ್ ಮತ್ತು ಕ್ಲಬ್ ಹೌಸ್‌ಗೆ. ಒಂದರಿಂದ ಎರಡು, ಎರಡರಿಂದ ಮೂರು ಹೀಗೆ ಐದರವರೆಗೆ ಹೋಗಿ ಮತ್ತೆ ಒಂದಕ್ಕೆ ಬಂದು ಸೇರುವ ರಿಂಗ್. ಪ್ರತಿ ಎರಡು ಪ್ಯಾನಲ್‌ಗಳ ನಡುವೆ ಆರ್‌ಎಸ್-485 (ಎರಡು ತಂತಿಯ ಡೇಟಾ ಸಂಪರ್ಕ) ಕೇಬಲ್ಲಿನ ಪ್ರತ್ಯೇಕ ತುಂಡು. ರಿಂಗ್‌ನ ಅನುಕೂಲ ಎಲ್ಲರಿಗೂ ಗೊತ್ತು, ಒಂದು ಕಡೆ ತುಂಡಾದರೆ ಇನ್ನೊಂದು ಸುತ್ತಿನಿಂದ ಮಾತು ಮುಂದುವರಿಯುತ್ತದೆ. ಅದರ ಅಪಾಯವೂ ಅದೇ. ತುಂಡಾದದ್ದು ಯಾರಿಗೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಯಾರೂ ಸರಿ ಮಾಡುವುದಿಲ್ಲ.

ಅಪ್‌ಡೇಟ್ ಮಾಡಿದ್ದಕ್ಕೆ ಕಾರಣ ನ್ಯಾಯವಾದದ್ದೇ. ಕೆಟ್ಟ ಕೆಲವು ಡಿಟೆಕ್ಟರ್‌ಗಳ ಬದಲಿಗೆ ಬಂದ ಹೊಸ ಮಾದರಿಯನ್ನು ಹಳೆಯ ಫರ್ಮ್‌ವೇರ್ ಗುರುತಿಸುತ್ತಿರಲಿಲ್ಲ. ಎಎಂಸಿ (ವಾರ್ಷಿಕ ನಿರ್ವಹಣೆಯ ಗುತ್ತಿಗೆ) ತೆಗೆದುಕೊಂಡಿದ್ದ ಇಬ್ಬರು ಹುಡುಗರು ಶುಕ್ರವಾರ ಐದೂ ಪ್ಯಾನಲ್‌ಗೆ ಹೊಸ ಆವೃತ್ತಿ ಹಾಕಿದರು. ಶನಿವಾರ ದೂರು ಬಂದಾಗ "ಈ ವರ್ಶನ್ನೇ ಸರಿ ಇಲ್ಲ" ಎಂದು ಮೂರನೇ ಪ್ಯಾನಲ್‌ಗೆ ಮಾತ್ರ ಹಳೆಯದನ್ನು ವಾಪಸ್ ಹಾಕಿದರು. ಕೆಲಸ ಕೆಟ್ಟದ್ದು ಅಲ್ಲಿ.

ಪ್ಯಾನಲ್ ಮುಟ್ಟುವ ಮೊದಲು

ಅಪ್‌ಡೇಟ್ ಆಗಲಿ, ದೋಷ ಹುಡುಕುವುದಾಗಲಿ, ಆ ಹೊತ್ತಿಗೆ ಕಟ್ಟಡಕ್ಕೆ ಕಾವಲಿಲ್ಲ ಎಂದೇ ಲೆಕ್ಕ. ಸಂಘದವರಿಗೆ, ಸೆಕ್ಯೂರಿಟಿಗೆ ಹೇಳಿ, ಕೆಲಸ ಮುಗಿಯುವವರೆಗೆ ಟವರ್‌ಗೊಬ್ಬ ಮಹಡಿ ಸುತ್ತುವ ಹಾಗೆ ಮಾಡಿ. ಅವರ ಕೈಯಲ್ಲಿ ಫೋನ್ ಇರಲಿ, 101 ಮತ್ತು 112 ಎರಡೂ ಗೊತ್ತಿರಲಿ. ಅಲಾರ್ಮ್ ಹೊರಗೆ ಎಲ್ಲಿಗಾದರೂ ಹೋಗುವ ಸಂಪರ್ಕ ಇದ್ದರೆ ಆ ಕಡೆಯವರಿಗೂ ಮೊದಲೇ ತಿಳಿಸಿ. ಸುಳ್ಳು ಕರೆಗೆ ಪಾಂಡೇಶ್ವರದಿಂದಲೋ ಕದ್ರಿಯಿಂದಲೋ ಅಗ್ನಿಶಾಮಕ ವಾಹನ ಹಂಪನಕಟ್ಟೆಯ ಟ್ರಾಫಿಕ್ ಸೀಳಿಕೊಂಡು ಬರುವುದು ಯಾರಿಗೂ ಬೇಡ.

ಹೂಟರ್, ಲಿಫ್ಟ್, ಎಎಚ್‌ಯು (ಎಸಿಯ ಗಾಳಿ ಬೀಸುವ ಘಟಕ), ಮೆಟ್ಟಿಲಿನ ಪ್ರೆಶರೈಸೇಶನ್ ಫ್ಯಾನ್ ಇವುಗಳ ಔಟ್‌ಪುಟ್‌ಗಳನ್ನು ಪ್ಯಾನಲ್‌ನ ಮೆನುವಿನಲ್ಲಿ ಡಿಸೇಬಲ್ ಮಾಡಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಸಾಲದು. ರಿಸ್ಟಾರ್ಟ್ ಆದಾಗ, ಅಥವಾ ಹೊಸ ಕಾನ್ಫಿಗರೇಶನ್ ಇಳಿದಾಗ ಆ ಡಿಸೇಬಲ್ ಅಳಿಸಿ ಹೋಗುವ ಪ್ಯಾನಲ್‌ಗಳಿವೆ. ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಎಲ್ಲಿ ಏನು ಬಿಚ್ಚಿದೆ ಎಂದು ಪುಸ್ತಕದಲ್ಲಿ ಬರೆಯಿರಿ. ಸರ್ವರ್ ರೂಮಿನಲ್ಲಿ ಬೆಂಕಿ ನಂದಿಸುವ ಗ್ಯಾಸ್ ಸಿಲಿಂಡರ್ ಇದ್ದರಂತೂ ಅದರ ವಾಲ್ವ್ ತೆರೆಯುವ ಸೊಲೆನಾಯ್ಡ್ ಆಕ್ಚುಯೇಟರನ್ನೇ ಸಿಲಿಂಡರಿನಿಂದ ಬೇರ್ಪಡಿಸದೆ ಲ್ಯಾಪ್‌ಟಾಪ್ ತೆರೆಯಬೇಡಿ. ಒಂದು ತಪ್ಪು ಪಲ್ಸ್‌ಗೆ ಲಕ್ಷಗಟ್ಟಲೆ ಬೆಲೆಯ ಗ್ಯಾಸ್ ಖಾಲಿಯಾಗುತ್ತದೆ. ಒಳಗೆ ಜನ ಇದ್ದರೆ ಆ ಮಾತೇ ಬೇರೆ.

ಇದೇ ಹೊತ್ತಿನಲ್ಲಿ ಮಾಡಬೇಕಾದ ಇನ್ನೊಂದು ಕೆಲಸ, ಪ್ಯಾನಲ್‌ನಲ್ಲಿ ಈಗ ಏನೇನು ಡಿಸೇಬಲ್ ಆಗಿ ಕೂತಿದೆ ಎಂಬ ಪಟ್ಟಿ. ಮೇ ತಿಂಗಳಲ್ಲಿ ಯಾರೋ ಬಾಯಿ ಮುಚ್ಚಿಸಿದ ಫಾಲ್ಟ್ ಅಪ್‌ಡೇಟ್ ಆದಮೇಲೆ ಬಾಯಿ ತೆರೆದರೆ, ಪಟ್ಟಿ ಇಲ್ಲದವನಿಗೆ ಅದು ಹೊಸದಾಗಿ ಕಾಣುತ್ತದೆ. ಕದ್ರಿಯಲ್ಲಿ ಆದದ್ದು ಇದೇ. ನಾಲ್ಕನೇ ಪ್ಯಾನಲ್‌ನ ಬಜರ್ ಮೇಲೆ ಎರಡು ಪದರ ಇನ್ಸುಲೇಶನ್ ಟೇಪ್ ಅಂಟಿಸಿತ್ತು. ಟೇಪಿನ ಅಂಚಿಗೆ ಧೂಳು ಕಟ್ಟಿ ಕಪ್ಪಾಗಿತ್ತು. ಎರಡು ದಿನದ ಟೇಪ್‌ಗೆ ಅಷ್ಟು ಧೂಳು ಕಟ್ಟುವುದಿಲ್ಲ.

"ಸಾಫ್ಟ್‌ವೇರ್" ಅಂದರೆ ಯಾವುದು?

ಹುಡುಗರಿಗೆ ನಾನು ಮೊದಲು ಬರೆಯಿಸುವುದು ಆವೃತ್ತಿ ಸಂಖ್ಯೆಗಳನ್ನು. ಒಂದು ಪ್ಯಾನಲ್‌ಗೆ ಒಂದೇ ಸಂಖ್ಯೆ ಅಲ್ಲ. ಮುಖ್ಯ ಬೋರ್ಡಿನ ಫರ್ಮ್‌ವೇರ್ ಒಂದು. ನೆಟ್‌ವರ್ಕ್ ಕಾರ್ಡಿಗೆ ತನ್ನದೇ ಪ್ರೊಸೆಸರ್, ತನ್ನದೇ ಫರ್ಮ್‌ವೇರ್. ಡಿಟೆಕ್ಟರ್‌ಗಳ ಸಾಲನ್ನು (ಲೂಪ್) ಜೋಡಿಸುವ ಲೂಪ್ ಕಾರ್ಡಿನದು ಮತ್ತೊಂದು. ಇವು ಮೂರೂ ಕಂಪನಿ ಕೊಡುವವು. ನಾಲ್ಕನೇದು ಆ ಕಟ್ಟಡಕ್ಕೆಂದೇ ನಾವು ಬರೆದ ಕಾನ್ಫಿಗರೇಶನ್: ಯಾವ ವಿಳಾಸದಲ್ಲಿ ಯಾವ ಡಿಟೆಕ್ಟರ್, ಅದರ ಜಾಗದ ಹೆಸರೇನು, ಅದು ಕೂಗಿದರೆ ಯಾವ ಹೂಟರ್, ಯಾವ ಲಿಫ್ಟ್. ಜನ ಎಲ್ಲಕ್ಕೂ ಸಾಫ್ಟ್‌ವೇರ್ ಎನ್ನುತ್ತಾರೆ, ನಾವೂ ಹಾಗೇ ಅಂದರೆ ದೋಷ ಸಿಗುವುದಿಲ್ಲ.

ಐದು ಪ್ಯಾನಲ್, ಮೂರು ಮೂರು ಸಂಖ್ಯೆ. ಒಂದು ಹಾಳೆಯಲ್ಲಿ ಚೌಕ ಹಾಕಿ ಬರೆದಾಗಲೇ ಐದನೇ ಪ್ಯಾನಲ್‌ನ ಕತೆ ಮುಗಿದಿತ್ತು. ಅದರ ಮುಖ್ಯ ಬೋರ್ಡ್ ಹೊಸದು, ನೆಟ್‌ವರ್ಕ್ ಕಾರ್ಡ್ ಮಾತ್ರ ಹಳೆಯದು. ಉಳಿದ ನಾಲ್ಕರ ಕಾರ್ಡುಗಳು ಮೊದಲೇ ಹೊಸ ಆವೃತ್ತಿಯವು. ಕ್ಲಬ್ ಹೌಸಿನದು ಬೇರೆ ವರ್ಷ ಬಂದದ್ದು. ಕಾರ್ಡಿಗೂ ಪ್ರತ್ಯೇಕ ಅಪ್‌ಡೇಟ್ ಬೇಕು ಎಂಬುದು ರಿಲೀಸ್ ನೋಟಿನ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಎರಡನೇ ಪುಟ ಓದುವವರು ಎಷ್ಟು ಮಂದಿ ಇದ್ದಾರೆ? ಆವೃತ್ತಿ ಬೆರಕೆಯಾದಾಗ ಹೀಗೇ ಆಗುತ್ತದೆ. ನೋಡ್‌ಗಳು ಒಂದನ್ನೊಂದು ಕಾಣುತ್ತವೆ, "ಇದ್ದೇನೆ" ಎನ್ನುತ್ತವೆ, ಆದರೆ ಜಾಗದ ಹೆಸರು ಖಾಲಿ ಬರುತ್ತದೆ, ಅಥವಾ ಒಂದು ಪ್ಯಾನಲ್‌ನ ಅಲಾರ್ಮ್‌ಗೆ ಇನ್ನೊಂದು ಪ್ಯಾನಲ್‌ನ ಹೂಟರ್ ಮಾತಾಡುವುದಿಲ್ಲ. ಫಾಲ್ಟ್ ದೀಪವೂ ಉರಿಯದೆ ಇರಬಹುದು. ಹಾಗಾಗಿಯೇ ಇದು ಬೀಪ್ ಹೊಡೆಯುವ ಮಿಕ್ಕೆರಡು ದೋಷಗಳಿಗಿಂತ ಅಪಾಯದ್ದು.

ಲಾಗ್ ಓದುವುದು, ಮತ್ತು ಡಿಜಿ ಪುಸ್ತಕ

ಮೂರನೇ ನೋಡ್ ಶುಕ್ರವಾರ ಸಂಜೆಯಿಂದ ಬಂದು ಹೋಗಿ ಮಾಡುತ್ತಿತ್ತು. ಶನಿವಾರದ ಡೌನ್‌ಗ್ರೇಡ್ ಅದರ ಲಾಗ್ ಅಳಿಸಿ ಹಾಕಿತ್ತು. ಪುಣ್ಯಕ್ಕೆ ಆ ಹುಡುಗರಲ್ಲೊಬ್ಬ ಮೊದಲೇ ಡಿಸ್‌ಪ್ಲೇಯ ಫೋಟೊ ತೆಗೆದಿಟ್ಟಿದ್ದ. ಈ ಅಭ್ಯಾಸ ಎಲ್ಲರಿಗೂ ಇರಲಿ.

ಮುಖ್ಯ ಪ್ಯಾನಲ್‌ನ ಲಾಗ್‌ನಲ್ಲಿ ಸಂಜೆ 7:43ಕ್ಕೆ ಮೂರನೇ ನೋಡ್ ಕಾಣೆ, 7:44ಕ್ಕೆ ವಾಪಸ್. ಮೂರನೇ ಪ್ಯಾನಲ್‌ನ ಫೋಟೊದಲ್ಲಿ 7:31ಕ್ಕೆ ಸಿಸ್ಟಮ್ ಸ್ಟಾರ್ಟ್. ಹನ್ನೆರಡು ನಿಮಿಷದ ಅಂತರ, ಸಂಬಂಧ ಇಲ್ಲ ಎಂದು ಹುಡುಗರು ಬಿಟ್ಟಿದ್ದರು. ನಾನು ಎರಡೂ ಪ್ಯಾನಲ್‌ಗಳ ಗಡಿಯಾರವನ್ನು ಫೋನಿನ ಜೊತೆ ಹೋಲಿಸಿದೆ. ಮೂರನೇದು ಹನ್ನೊಂದು ನಿಮಿಷ ಹಿಂದೆ. ಅಂದರೆ ಅದು ರಿಸ್ಟಾರ್ಟ್ ಆದದ್ದು 7:42ಕ್ಕೆ. ಸೆಕ್ಯೂರಿಟಿಯವರ ಡಿಜಿ (ಡೀಸೆಲ್ ಜನರೇಟರ್) ಪುಸ್ತಕ ತರಿಸಿದೆ. ನೀಲಿ ಪೆನ್ನಿನಲ್ಲಿ ಮುದ್ದಾಗಿ ಬರೆದಿತ್ತು: "7:42, ಕರೆಂಟ್ ಹೋಯಿತು, ಡಿಜಿ ಆನ್." ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದಕ್ಕೆ ಬರವೇ? ಆ ರಾತ್ರಿ ಮತ್ತೆ ಎರಡು ಸಲ ಹೋಗಿದೆ, ಎರಡು ಸಲವೂ ಮೂರನೇ ನೋಡ್ ಕಾಣೆಯಾಗಿದೆ. ನಿಯಮಿತ ಅಂತರದಲ್ಲಿ, ಕರೆಂಟಿಗೆ ಸಂಬಂಧವಿಲ್ಲದೆ ತಾನಾಗಿ ರಿಸ್ಟಾರ್ಟ್ ಆಗಿದ್ದರೆ ಫರ್ಮ್‌ವೇರ್ ಮೇಲೆ ಸಂಶಯ ಪಡಬಹುದಿತ್ತು. ಕರೆಂಟಿನ ಜೊತೆಗೇ ಬಿದ್ದರೆ ಅದು ಬ್ಯಾಟರಿ.

ಕಾಯುವ ಡಿಜಿ ಎಷ್ಟೇ ಒಳ್ಳೆಯದಿರಲಿ, ಎದ್ದು ಲೋಡ್ ತೆಗೆದುಕೊಳ್ಳುವಷ್ಟರಲ್ಲಿ ಹತ್ತು ಹನ್ನೆರಡು ಸೆಕೆಂಡ್. ಅಷ್ಟು ಹೊತ್ತು ಪ್ಯಾನಲ್ ಬ್ಯಾಟರಿಯ ಮೇಲೆ ನಿಲ್ಲಬೇಕು. ಮೂರನೇದರಲ್ಲಿ 12 ವೋಲ್ಟಿನ ಎರಡು ಬ್ಯಾಟರಿ, ಸರಣಿಯಲ್ಲಿ. ಚಾರ್ಜ್ ಆಗುತ್ತಿರುವಾಗ ಮೀಟರ್ 27.1 ತೋರಿಸಿತು. ನೋಡಿದರೆ ಯಾರೂ ತಪ್ಪು ಹೇಳುವ ಹಾಗಿಲ್ಲ. ಆದರೆ ಅದು ಚಾರ್ಜರಿನ ವೋಲ್ಟೇಜ್, ಬ್ಯಾಟರಿಯದಲ್ಲ. ಎಂಸಿಬಿ (ಪ್ಯಾನಲ್‌ನ ಕರೆಂಟ್ ಸ್ವಿಚ್) ಇಳಿಸಿ ಮೀಟರ್ ನೋಡುತ್ತಾ ಎಣಿಸಿದೆವು. ಗಟ್ಟಿ ಬ್ಯಾಟರಿಯಾದರೆ ಇಪ್ಪತ್ತೈದರ ಆಸುಪಾಸಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. 24, 23, 22, ಎಂಟನೇ ಸೆಕೆಂಡಿಗೆ 20ಕ್ಕಿಂತ ಕೆಳಗೆ, ಡಿಸ್‌ಪ್ಲೇ ಕಪ್ಪು. ಬಿಡಿ ಬಿಡಿಯಾಗಿ ಲೋಡ್ ಹಾಕಿ ನೋಡಿದರೆ ಒಂದು ಬ್ಯಾಟರಿ 12ಕ್ಕೆ ಗಟ್ಟಿ, ಇನ್ನೊಂದು ಕುಸಿದದ್ದು. ಹೊರತೆಗೆದಾಗ ಅದರ ಹೊಟ್ಟೆ ಉಬ್ಬಿ ಪೆಟ್ಟಿಗೆಯ ತಗಡಿಗೆ ಕಚ್ಚಿಕೊಂಡಿತ್ತು.

ಜೋಡಿಯಲ್ಲಿ ಒಂದನ್ನು ಮಾತ್ರ ಬದಲಾಯಿಸುವ ಉಳಿತಾಯಕ್ಕೆ ಹೋಗಬೇಡಿ. ಹಳೆಯದು ಹೊಸದನ್ನೂ ಕೆಡಿಸುತ್ತದೆ. ಇಂಥ ಬ್ಯಾಟರಿಗಳ ಆಯಸ್ಸು ಬಿಸಿಗೆ ಬೇಗ ಕರಗುತ್ತದೆ, ಸುಮಾರು ಹತ್ತು ಡಿಗ್ರಿ ಹೆಚ್ಚಾದರೆ ಅರ್ಧಕ್ಕರ್ಧ. ಏಪ್ರಿಲ್‌ನಲ್ಲಿ ಗಾಳಿಯಾಡದ ಎಲೆಕ್ಟ್ರಿಕಲ್ ರೂಮಿನಲ್ಲಿ ಹತ್ತು ನಿಮಿಷ ನಿಂತವರಿಗೆ ಬೇರೆ ವಿವರಣೆ ಬೇಡ.

ಇಲ್ಲಿ ಅಪ್‌ಡೇಟ್‌ನ ಪರವಾಗಿ ಒಂದು ಮಾತು. ಐರೋಪ್ಯ ಮಾನದಂಡ ಇಎನ್ 54-4ಕ್ಕೆ 2006ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಮಿತಿ ಮೀರಿದರೆ ಪವರ್ ಸಪ್ಲೈ ಅದನ್ನು ಫಾಲ್ಟ್ ಎಂದು ಹೇಳಬೇಕು. ಹೊಸ ಆವೃತ್ತಿಗಳಲ್ಲಿ ಇಂಥ ಕಟ್ಟುನಿಟ್ಟಿನ ಪರೀಕ್ಷೆಗಳು ಸೇರಿಕೊಳ್ಳುತ್ತವೆ. ಅಪ್‌ಡೇಟ್ ಆದ ಕೂಡಲೇ ಬ್ಯಾಟರಿ ಫಾಲ್ಟ್ ಬಂದರೆ "ನಿನ್ನೆವರೆಗೆ ಸರಿ ಇತ್ತಲ್ಲ" ಎನ್ನುವುದು ಸಹಜ. ನಿನ್ನೆವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ.

ಮೂರು ಬಿದ್ದರೆ ನಾಲ್ಕೂ ಯಾಕೆ ಬೀಳುತ್ತದೆ?

ಲಾಗ್‌ನಲ್ಲಿ ಇನ್ನೊಂದು ವಿಚಿತ್ರ ಇತ್ತು. ಮೂರನೇ ನೋಡ್ ಕಾಣೆಯಾದಾಗಲೆಲ್ಲ ಒಂದೆರಡು ಸೆಕೆಂಡ್ ಬಿಟ್ಟು ನಾಲ್ಕೂ ಕಾಣೆ. ನಾಲ್ಕರ ಬ್ಯಾಟರಿ ಗಟ್ಟಿ, ಅದು ರಿಸ್ಟಾರ್ಟ್ ಆಗಿಯೂ ಇಲ್ಲ. ಹುಡುಗರು ವರ್ಶನ್ ಮೇಲೆ ಗೂಬೆ ಕೂರಿಸಿದ್ದು ಮುಖ್ಯವಾಗಿ ಇದರಿಂದ.

ನಕ್ಷೆಯನ್ನು ಎದುರಿಗಿಟ್ಟರೆ ಉತ್ತರ ಅಲ್ಲೇ ಇದೆ. ನಾಲ್ಕಕ್ಕೆ ಎರಡೇ ದಾರಿ, ಒಂದು ಮೂರರ ಮೂಲಕ, ಇನ್ನೊಂದು ಐದರ ಮೂಲಕ. ನಾಲ್ಕು ಮತ್ತು ಐದರ ನಡುವಿನ ಕೇಬಲ್ ಮೇ ತಿಂಗಳಿಂದಲೇ ತುಂಡು, ಅದೇ ಟೇಪ್ ಅಂಟಿಸಿದ ಫಾಲ್ಟ್. ಮೂರು ಬಿದ್ದ ಕ್ಷಣ ನಾಲ್ಕು ದ್ವೀಪ. ಮೂರನೇ ಪ್ಯಾನಲ್ ಎದ್ದು ನೆಟ್‌ವರ್ಕ್‌ಗೆ ಮರಳುವವರೆಗಿನ ಆ ಒಂದೂವರೆ ನಿಮಿಷದಲ್ಲಿ ನಾಲ್ಕನೇ ಪ್ಯಾನಲ್‌ನ ಟವರಿನಲ್ಲಿ ಹೊಗೆಯೆದ್ದರೆ ಅಲ್ಲಿಯ ಹೂಟರ್ ಕೂಗುತ್ತಿತ್ತು, ಗೇಟಿನವರಿಗೆ ಮಾತ್ರ ತಿಳಿಯುತ್ತಿರಲಿಲ್ಲ.

ಕೇಬಲ್ ಪರೀಕ್ಷೆ ಸರಳ. ಎರಡೂ ಕಡೆಯ ಪ್ಯಾನಲ್ ಆಫ್ ಮಾಡಿ. ಬ್ಯಾಟರಿಯ ಲಿಂಕ್ ತೆಗೆಯಲು ಮರೆಯಬೇಡಿ, ಎಂಸಿಬಿ ಇಳಿಸಿದ ಮಾತ್ರಕ್ಕೆ ಪ್ಯಾನಲ್ ಆಫ್ ಆಗುವುದಿಲ್ಲ. ಆರ್‌ಎಸ್-485 ತುಂಡಿನ ಎರಡು ತುದಿಗೂ 120 ಓಮ್ ಟರ್ಮಿನೇಶನ್ (ತುದಿಗೆ ಹಾಕುವ ರೆಸಿಸ್ಟರ್) ಇರಬೇಕು. ಎ ಮತ್ತು ಬಿ ತಂತಿಗಳ ನಡುವೆ ಅಳೆದರೆ ಎರಡೂ ಸಮಾನಾಂತರದಲ್ಲಿ ಸೇರಿ 60ರ ಹತ್ತಿರ ಬರಬೇಕು, ಉದ್ದ ಕೇಬಲ್ ಆದರೆ ತಂತಿಯದೂ ಸೇರಿ ಸ್ವಲ್ಪ ಹೆಚ್ಚು. 120 ಬಂದರೆ ಆಚೆ ತುದಿ ಕಾಣುತ್ತಿಲ್ಲ, ಒಂದೋ ಟರ್ಮಿನೇಶನ್ ಹಾಕಿಲ್ಲ, ಇಲ್ಲವೇ ತಂತಿ ತುಂಡು. 40 ಬಂದರೆ ಯಾರೋ ನಡುವೆ ಮೂರನೇದನ್ನು ಸೇರಿಸಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ನಮಗೆ ಬಂದದ್ದು 118.

ಎಲ್ಲಿ ತುಂಡು ಎಂದು ಹುಡುಕಲು ದೊಡ್ಡ ಉಪಕರಣ ಬೇಕಾಗಲಿಲ್ಲ. ಬೇಸ್‌ಮೆಂಟಿನಲ್ಲಿ ಕೆಂಪುಕಲ್ಲಿನ ಗೋಡೆಯೊಂದು ಬೆವರುತ್ತಿತ್ತು, ಆ ಗೋಡೆಯ ಮೇಲೆಯೇ ಜಂಕ್ಷನ್ ಬಾಕ್ಸ್. ಕೇಬಲ್ ಒಳಹೋಗುವ ಗ್ಲ್ಯಾಂಡ್ ಮೇಲ್ಮುಖವಾಗಿ, ಮಳೆನೀರಿಗೆ ಬಾಗಿಲು ತೆರೆದಿಟ್ಟ ಹಾಗೆ. ಮುಚ್ಚಳ ಬಿಚ್ಚಿದಾಗ ಒಂದು ಲೋಟ ನೀರು ಸುರಿಯಿತು, ಹಿಂದೆಯೇ ಇರುವೆಗಳು. ಟರ್ಮಿನಲ್ ಸ್ಟ್ರಿಪ್ಪಿನ ಎ ತಂತಿ ಹಸಿರು ಕಿಲುಬಾಗಿ ಮುಟ್ಟಿದರೆ ಪುಡಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಮೇಲೆ ಸಮುದ್ರದ ಉಪ್ಪುಗಾಳಿ ಬೀಸುವ ಊರಿನಲ್ಲಿ ಗ್ಲ್ಯಾಂಡ್ ಕೆಳಗೆ ಮಾಡಿ, ಕೇಬಲ್ ಒಳಹೋಗುವ ಮೊದಲು ಒಂದು ಇಳಿಬಾಗು ಬಿಡಬೇಕು. ನೀರು ಬಾಗಿನ ತಳಕ್ಕೆ ಬಂದು ತೊಟ್ಟಿಕ್ಕಿ ಹೋಗುತ್ತದೆ. ಇಷ್ಟಕ್ಕೆ ಖರ್ಚೇನೂ ಇಲ್ಲ.

ಹೊಸ ಬಾಕ್ಸ್, ಹೊಸ ಜೋಡಣೆ, ಮೀಟರಿನಲ್ಲಿ 63.

ಕೇಬಲ್ಲಿನ ಶೀಲ್ಡನ್ನು (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಒಂದು ತುದಿಯಲ್ಲಿ ಮಾತ್ರ ಅರ್ಥ್ ಮಾಡಿ. ಎರಡೂ ತುದಿಗೆ ಕೊಟ್ಟರೆ ಎರಡು ಟವರುಗಳ ಅರ್ಥಿಂಗ್ ನಡುವಿನ ವ್ಯತ್ಯಾಸವೆಲ್ಲ ಶೀಲ್ಡ್‌ನಲ್ಲಿ ಹರಿಯುತ್ತದೆ. ಆರ್‌ಎಸ್-485 ತಡೆದುಕೊಳ್ಳುವ ಮಿತಿ ಭೂಮಿಗೆ ಹೋಲಿಸಿ −7ರಿಂದ +12 ವೋಲ್ಟ್ ಮಾತ್ರ. ಬೇಸಿಗೆಯಲ್ಲಿ ಕೆಂಪುಕಲ್ಲಿನ ನೆಲ ಒಣಗಿ ಅರ್ಥ್ ಪಿಟ್‌ನ ರೆಸಿಸ್ಟೆನ್ಸ್ ಏರುತ್ತದೆ, ಅದೇ ಹೊತ್ತಿಗೆ ಏಪ್ರಿಲ್, ಮೇ ತಿಂಗಳ ಸಿಡಿಲು. ಈ ಮಿತಿ ಆಗ ಯಾವ ಮೂಲೆಗೂ ಸಾಲುವುದಿಲ್ಲ. ಕರಾವಳಿಯಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಎಳೆಯುವುದನ್ನೇ ನಾನು ಒಪ್ಪುವುದಿಲ್ಲ. ಫೈಬರ್ ಹಾಕಿ. ಮಣಿಪಾಲದ ಗುಡ್ಡವೋ ಕದ್ರಿಯ ಗುಡ್ಡವೋ, ಎತ್ತರದಲ್ಲಿದ್ದರೆ ಎರಡನೇ ಯೋಚನೆಯೂ ಬೇಡ.

ನಡುವೆ ಬರುವ ಅರ್ಥ್ ಫಾಲ್ಟ್

ಕೇಬಲ್ ಸರಿ ಮಾಡಿ ಆನ್ ಮಾಡಿದಾಗ ಹೊಸದೊಂದು ಅರ್ಥ್ ಫಾಲ್ಟ್ (ತಂತಿ ಎಲ್ಲೋ ನೆಲ ಮುಟ್ಟಿದೆ ಎಂಬ ದೋಷ) ಬಂತು. ಬೆಳಿಗ್ಗೆ ಬಂದು ಬಿಸಿಲೇರಿದಾಗ ಹೋಗುವ ಅರ್ಥ್ ಫಾಲ್ಟ್ ಮಳೆಗಾಲದಲ್ಲಿ ಮಾಮೂಲು, ಆದರೆ ಇದು ಅದಲ್ಲ. ಹುಡುಗ ಲ್ಯಾಪ್‌ಟಾಪನ್ನು ಮೂರು ಪಿನ್ನಿನ ಚಾರ್ಜರಿಗೆ ಹಾಕಿ, ಅದೇ ಲ್ಯಾಪ್‌ಟಾಪನ್ನು ಪ್ಯಾನಲ್‌ಗೂ ಜೋಡಿಸಿದ್ದ. ಭೂಮಿಯಿಂದ ಬೇರೆಯಾಗಿ ತೇಲಬೇಕಾದ ಪ್ಯಾನಲ್‌ನ 24 ವೋಲ್ಟ್, ಲ್ಯಾಪ್‌ಟಾಪ್ ಚಾರ್ಜರಿನ ಅರ್ಥ್ ಪಿನ್ ಮೂಲಕ ನೆಲ ಕಂಡಿತು. ಚಾರ್ಜರ್ ಕಿತ್ತ ಮೇಲೆ ಹೋಯಿತು. ಪ್ಯಾನಲ್ ಕೆಲಸಕ್ಕೆ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿ ಬರಬೇಕು.

ನಿಜವಾದ ಅರ್ಥ್ ಫಾಲ್ಟ್ ಆದರೆ ಪಾಸಿಟಿವ್‌ನಿಂದ ಅರ್ಥ್‌ಗೆ, ನೆಗೆಟಿವ್‌ನಿಂದ ಅರ್ಥ್‌ಗೆ ಎರಡೂ ಅಳೆಯಿರಿ. ಯಾವುದು ಸೊನ್ನೆಯ ಹತ್ತಿರವೋ ಆ ಬದಿಯ ತಂತಿ ನೆಲ ಮುಟ್ಟಿದೆ. ಆಮೇಲೆ ಒಂದೊಂದೇ ಲೂಪ್ ಬಿಚ್ಚುತ್ತಾ ಹೋಗಿ. ಬಿಚ್ಚಿ ಹತ್ತು ಸೆಕೆಂಡಿಗೆ "ಇದಲ್ಲ" ಎನ್ನಬೇಡಿ. ಇಎನ್ 54-2 ಪ್ರಕಾರ ಫಾಲ್ಟ್ ತೋರಿಸಲು ಪ್ಯಾನಲ್‌ಗೆ 100 ಸೆಕೆಂಡ್ ಸಮಯ ಉಂಟು. ಪ್ರತಿ ಸಲವೂ ಎರಡು ನಿಮಿಷ ನಿಲ್ಲಿ. ಡಿಟೆಕ್ಟರ್‌ಗಳು ಜೋಡಿಸಿರುವ ಲೂಪ್‌ಗೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚಿ ನೂರು ಡಿಟೆಕ್ಟರ್ ಸುಟ್ಟ ಜಾಗವನ್ನು ನಾನು ಕಂಡಿದ್ದೇನೆ. ಅಲ್ಲಿ ಮೆಗ್ಗರ್ ಹಿಡಿದಿದ್ದವ ನಾನಲ್ಲ, ಆದರೆ ಸುಟ್ಟ ಲೂಪನ್ನು ಬಿಚ್ಚಿ ಕಟ್ಟಿದ ಮೂರು ರಾತ್ರಿ ನನ್ನದು.

ಹಿಂದಕ್ಕೆ ಹೋಗಲಾಗದ ಫೈಲ್

ಈಗ ಡೌನ್‌ಗ್ರೇಡ್ ಮಾಡಿದ ಮೂರನೇ ಪ್ಯಾನಲ್. ಹಳೆಯ ಫರ್ಮ್‌ವೇರ್ ಹಾಕಿದಾಗ ಅದರೊಳಗೆ ಹೊಸ ರೂಪದ ಕಾನ್ಫಿಗರೇಶನ್ ಇತ್ತು. ಓದಲಾಗದೆ ಚೆಕ್‌ಸಮ್ ಫಾಲ್ಟ್ (ಫೈಲ್ ಸರಿ ಇಲ್ಲ ಎಂಬ ಸೂಚನೆ) ಕೊಟ್ಟಿತು. ಹುಡುಗರು ಹಳೆಯ ಫೈಲ್ ಹುಡುಕಿದರು. ಅಪ್‌ಡೇಟ್‌ಗೆ ಮೊದಲು ಪ್ಯಾನಲ್‌ನಿಂದ ಎತ್ತಿದ್ದ ಫೈಲನ್ನು ಹೊಸ ಟೂಲ್‌ನಲ್ಲಿ (ಕಾನ್ಫಿಗರೇಶನ್ ಬರೆಯುವ ಲ್ಯಾಪ್‌ಟಾಪಿನ ಪ್ರೋಗ್ರಾಮ್) ತೆರೆದಾಗ ಅದು ಹೊಸ ರೂಪಕ್ಕೆ ಬದಲಾಗಿ ಅದೇ ಹೆಸರಿನಲ್ಲಿ ಸೇವ್ ಆಗಿತ್ತು. ಹಳೆಯ ಟೂಲ್ ಅದನ್ನು ತೆರೆಯುವುದಿಲ್ಲ. ಉಳಿದದ್ದು "ಫೈನಲ್ ಹೊಸತು 2" ಎಂಬ ಹೆಸರಿನ ಎರಡು ವರ್ಷ ಹಿಂದಿನ ಫೈಲ್. ಅದನ್ನೇ ಇಳಿಸಿದರು. ಆ ಎರಡು ವರ್ಷದಲ್ಲಿ ಸೇರಿಸಿದ್ದ 14 ಡಿಟೆಕ್ಟರುಗಳು ಆ ಫೈಲಿನಲ್ಲಿ ಇರಲಿಲ್ಲ. ಎಂಟನೇ ಮಹಡಿಯ ಕಾರಿಡಾರಿನ ಎರಡೂ ಡಿಟೆಕ್ಟರ್ ಆ ಹದಿನಾಲ್ಕರಲ್ಲಿ ಸೇರಿದ್ದವು. ಜೊತೆಗೆ ಹಳೆಯ ಆವೃತ್ತಿಯ ಪ್ಯಾನಲ್ ಹೊಸ ಆವೃತ್ತಿಯ ನೆಟ್‌ವರ್ಕ್‌ಗೆ ಸೇರಲೇ ಇಲ್ಲ.

ಇಂಥಲ್ಲಿ ದಾರಿ ಮುಂದಕ್ಕೇ. ಹೊಸ ಬ್ಯಾಟರಿ ಹಾಕಿದ ಮೇಲೆ, ಮತ್ತೆ ಹೊಸ ಫರ್ಮ್‌ವೇರ್, ಮೇಲೆ ರೂಪ ಬದಲಾದ ಆ ಫೈಲ್. ಹದಿನಾಲ್ಕೂ ಬಂದವು. ಐದನೇ ಪ್ಯಾನಲ್‌ನ ನೆಟ್‌ವರ್ಕ್ ಕಾರ್ಡಿಗೆ ಹೊಸದು ಹಾಕಿದ್ದು ಕೊನೆಗೆ. ಈ ಕ್ರಮವನ್ನು ಬದಲಾಯಿಸಬೇಡಿ: ಪವರ್ ಮೊದಲು, ಕೇಬಲ್ ಆಮೇಲೆ, ಫರ್ಮ್‌ವೇರ್ ಎಲ್ಲಕ್ಕಿಂತ ಕೊನೆ. ಎಂಟು ಸೆಕೆಂಡಿಗೆ ಬೀಳುವ ಬ್ಯಾಟರಿಯ ಮೇಲೆ ಪ್ಯಾನಲ್‌ನ ಫ್ಲ್ಯಾಶ್ ಮೆಮೊರಿಗೆ ಬರೆಯಲು ಕೂತು, ನಡುವೆ ಕರೆಂಟ್ ಹೋದರೆ ಪ್ಯಾನಲ್ ಅರ್ಧ ಬರೆದ ಸ್ಥಿತಿಯಲ್ಲಿ ನಿಲ್ಲುತ್ತದೆ. ಹಾಗಾದರೂ ಗಾಬರಿ ಬೇಡ. ಸಾಮಾನ್ಯವಾಗಿ ಬೂಟ್‌ಲೋಡರ್ (ಪ್ಯಾನಲನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮ್) ಬೇರೆ ಜಾಗದಲ್ಲಿ ಉಳಿದಿರುತ್ತದೆ, ತಯಾರಕರ ಕೈಪಿಡಿಯಲ್ಲಿ ಹೇಳಿದ ಜಂಪರ್ ಹಾಕಿ ಮತ್ತೆ ಶುರು ಮಾಡಬಹುದು.

ಬರೆಯುವಾಗ ನಡುವೆ ನಿಂತು ಹೋಗುವುದಕ್ಕೆ ಇನ್ನೊಂದು ಕಾರಣ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಾಯಿಸುವ ಅಗ್ಗದ ಕೇಬಲ್. ಒಳಗೆ ನಕಲಿ ಚಿಪ್ ಇರುತ್ತದೆ. 2014ರಲ್ಲಿ, ಇಂಥ ಚಿಪ್ ತಯಾರಿಸುವ ಎಫ್‌ಟಿಡಿಐ ಕಂಪನಿಯ ವಿಂಡೋಸ್ ಡ್ರೈವರ್ ಅಂಥ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ನಿರುಪಯೋಗಿ ಮಾಡಿತ್ತು. ಇಂಥದೇ ಇನ್ನೊಂದು ಕಂಪನಿ ಪ್ರೊಲಿಫಿಕ್‌ನ ಹೊಸ ಡ್ರೈವರ್‌ಗಳು ಹಳೆಯ ಮತ್ತು ನಕಲಿ ಚಿಪ್‌ಗಳನ್ನು ಒಪ್ಪುವುದಿಲ್ಲ. ಕೆಲಸ ಮಾಡುವ ಒಂದು ಕೇಬಲ್ ಸಿಕ್ಕಿದರೆ ಅದಕ್ಕೆ ಹೆಸರು ಬರೆದು ಬ್ಯಾಗಿನಲ್ಲಿಡಿ, ಸಾಲ ಕೊಡಬೇಡಿ. ವಿಂಡೋಸ್ ಅಪ್‌ಡೇಟ್, ಸ್ಲೀಪ್ ಎರಡನ್ನೂ ಆಫ್ ಮಾಡಿ ಕೂರಿ.

ಮುಂದಿನ ಸಲಕ್ಕೆ ನಾನು ಹುಡುಗರಿಗೆ ಹೇಳಿಕೊಟ್ಟ ಉಪಾಯ ಒಂದೇ. ಅಪ್‌ಡೇಟ್ ಮಾಡುವ ಹಿಂದಿನ ದಿನ, ಹಳೆಯ ಫರ್ಮ್‌ವೇರ್‌ನಲ್ಲೇ, ಒಂದೊಂದೇ ಪ್ಯಾನಲನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಐದು ನಿಮಿಷ ಬ್ಯಾಟರಿ ಮೇಲೆ ಬಿಡಿ. ರಿಂಗನ್ನು ಬೇಕೆಂದೇ ಒಂದೊಂದು ಕಡೆ ತೆರೆದು ಉಳಿದವು ಕಾಣುತ್ತವೆಯೇ ನೋಡಿ. ಏಳಬೇಕಾದ ಹಳೆಯ ದೋಷಗಳು ಆವತ್ತೇ ಏಳಲಿ. ಮರುದಿನ ಏನಾದರೂ ಹೊಸದು ಕಂಡರೆ, ಅದು ಅಪ್‌ಡೇಟ್‌ನದು ಎಂದು ಧೈರ್ಯವಾಗಿ ಹೇಳಬಹುದು. ಸಂಜೆಯೊಳಗೆ ಐದೂ ಪ್ಯಾನಲ್ ಮುಗಿಯುವುದಿಲ್ಲ ಎನಿಸಿದರೆ ಶುರುವೇ ಮಾಡಬೇಡಿ. ಅರ್ಧ ಹೊಸದು ಅರ್ಧ ಹಳೆಯದಾಗಿ ರಾತ್ರಿ ಬಿಟ್ಟು ಹೋಗುವುದಕ್ಕಿಂತ ಐದೂ ಹಳೆಯದಾಗಿರುವುದು ಎಷ್ಟೋ ಮೇಲು.

ಸರಿಯಾಯಿತು ಎಂದು ಯಾವಾಗ ಹೇಳಬೇಕು

ಹಸಿರು ದೀಪ ನೋಡಿ ಬ್ಯಾಗ್ ಕಟ್ಟಬೇಡಿ. ಅಮೆರಿಕದ ಫೈರ್ ಅಲಾರ್ಮ್ ನಿಯಮಾವಳಿ ಎನ್‌ಎಫ್‌ಪಿಎ 72 ಇಲ್ಲಿ ಸ್ಪಷ್ಟವಾಗಿದೆ. ಪ್ಯಾನಲ್‌ನ ಮೂಲ ಸಾಫ್ಟ್‌ವೇರ್ ಬದಲಾದರೆ ವ್ಯವಸ್ಥೆಯ ಶೇಕಡಾ 10ರಷ್ಟನ್ನು ಪರೀಕ್ಷಿಸಬೇಕು, ಪ್ರತಿ ಇನ್‌ಪುಟ್ ಮತ್ತು ಔಟ್‌ಪುಟ್ ಸರ್ಕ್ಯೂಟ್‌ನಲ್ಲಿ ಕನಿಷ್ಠ ಒಂದು ಉಪಕರಣವಾದರೂ ಅದರಲ್ಲಿ ಸೇರಬೇಕು. ಕಟ್ಟಡದ ಕಾನ್ಫಿಗರೇಶನ್ ಬದಲಾದರೆ, ಬದಲಾದ ಭಾಗವೆಲ್ಲ ಪೂರ್ತಿ ಪರೀಕ್ಷೆಯಾಗಬೇಕು, ಜೊತೆಗೆ ಬದಲಾಗದ ಡಿಟೆಕ್ಟರ್‌ಗಳಲ್ಲೂ ಶೇಕಡಾ 10, ಹೆಚ್ಚೆಂದರೆ 50 ಉಪಕರಣ. ನಮ್ಮ ಭಾರತೀಯ ಮಾನದಂಡ ಐಎಸ್ 2189 ಪ್ರಕಾರ ನಿರ್ವಹಣೆ ನಡೆಯುವ ಕಟ್ಟಡದಲ್ಲೂ ಈ ಅಳತೆ ಇಟ್ಟುಕೊಂಡರೆ ನಷ್ಟವಿಲ್ಲ.

ಕದ್ರಿಯಲ್ಲಿ ಬಿಚ್ಚಿದ ವೈರುಗಳನ್ನೆಲ್ಲ ಪುಸ್ತಕ ನೋಡಿಕೊಂಡು ವಾಪಸ್ ಕಟ್ಟಿದೆವು. ಸಂಜೆ ಕ್ಲಬ್ ಹೌಸಿನ ಡಿಟೆಕ್ಟರಿಗೆ ಹೊಗೆಯ ಸ್ಪ್ರೇ ಹಿಡಿದೆವು. ಗೇಟಿನಿಂದ ಸೂಪರ್‌ವೈಸರ್ ಫೋನಿನಲ್ಲಿ, "ಕ್ಲಬ್ ಹೌಸ್, ಕೆಳಮಹಡಿ, ಜಿಮ್ ಪಕ್ಕ ಅಂತ ಬಂತು ಸರ್. ಲಿಫ್ಟೂ ಕೆಳಗೆ ಬಂತು." ಆಮೇಲೆ ಮೂರನೇ ಪ್ಯಾನಲ್‌ನ ಎಂಸಿಬಿ ಇಳಿಸಿ, ಅದರ ಟವರಿನ ಎಂಸಿಪಿ ಒತ್ತಿದೆವು. ಪ್ಯಾನಲ್ ಬ್ಯಾಟರಿಯ ಮೇಲೆ ನಿಂತಿತು, ಹೂಟರ್ ಕೂಗಿತು, ನಾಲ್ಕು ಜಾಗ ಬಿಡಲಿಲ್ಲ. ಮೂರು ಮೂರು ಸಂಖ್ಯೆಗಳ ಚೌಕವನ್ನು ಪ್ರತಿ ಪ್ಯಾನಲ್ ಬಾಗಿಲಿನ ಒಳಬದಿಗೆ ಅಂಟಿಸಿ, ಐದೂ ಗಡಿಯಾರವನ್ನು ಒಂದೇ ಸಮಯಕ್ಕೆ ಇಟ್ಟು, ಬಜರಿನ ಮೇಲಿನ ಟೇಪ್ ಕಿತ್ತು ಹೊರಟಾಗ ಏಳು ಗಂಟೆ.

ಬಾಕಿ ಇರುವುದು ನಾಲ್ಕು ಮತ್ತು ಐದರ ನಡುವಿನ ತಾಮ್ರ. ಅದನ್ನು ಫೈಬರ್‌ಗೆ ಬದಲಾಯಿಸುವ ಕೊಟೇಶನ್ ಸಂಘದ ಕಾರ್ಯದರ್ಶಿಯವರ ಮೇಜಿನ ಮೇಲಿದೆ. ಏಪ್ರಿಲ್‌ನ ಮೊದಲ ಗುಡುಗಿಗೆ ಮುಂಚೆ ಆಗಬೇಕು.